ಸೋಪಿನ ಡಬ್ಬಿಯ ಬೆಲ್

ನನ್ನ ತಮ್ಮನಿಗೆ ಸೋವಿ ಎಲೆಕ್ಟ್ರಾನಿಕ್ ಸಾಮಾನು ಕಂಡರೆ ಪ್ರಾಣ. ಮುದ್ರಣಾಲಯದ ಕೆಲಸ ಮುಗಿಸಿ ಬಂದು ಬೆಸುಗೆ ಕಡ್ಡಿ ಹಿಡಿದನೆಂದರೆ ಊಟಕ್ಕೂ ಏಳುವವನಲ್ಲ. ಅಪ್ಪನ ಸೊಂಟದ ಮೂಳೆ ಮುರಿದಾಗ ಅವರಿಗೊಂದು ಬೆಲ್ ಮಾಡಿಕೊಟ್ಟವನೂ ಅವನೇ. ಮಹಡಿಯಲ್ಲಿ ಅಪ್ಪ ಸೋಪಿನ ಡಬ್ಬಿಯೊಂದಕ್ಕೆ ಕೂರಿಸಿದ ಗುಂಡಿ ಒತ್ತಿದರೆ, ಕೆಳಗಿನ ಅಂಗಡಿಯಲ್ಲಿ ನನ್ನ ಹೊಲಿಗೆ ಯಂತ್ರದ ಪಕ್ಕ ಬೆಲ್ ಕಿರುಚಬೇಕು. ತಂತಿಯಿಲ್ಲ. ಎರಡೂ ಕಡೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕ ರೇಡಿಯೋ ಮಾಡ್ಯೂಲ್.

ಎರಡೂ ನಕಲಿ. ಮೇಲೆ ದೊಡ್ಡ ಕಂಪನಿಯ ಹೆಸರು, ಒಳಗೆ ಯಾರೋ ನಕಲು ಹೊಡೆದ ಚಿಪ್. ಮೇಜಿನ ಮೇಲೆ ಚೆನ್ನಾಗಿ ಮಾತಾಡುತ್ತವೆ, ನಡುವೆ ಗೋಡೆ ಬಂದರೆ ಮೌನವ್ರತ. ಮಹಡಿಗೆ ಹೋಗಿ ತಮ್ಮನೇ ಡಬ್ಬಿ ಕೈಗೆತ್ತಿಕೊಂಡು, ಮುಚ್ಚಳ ತೆಗೆದು ಒತ್ತಿದರೆ ಮಾತ್ರ ಬೆಲ್ ಹೊಡೆದುಕೊಳ್ಳುತ್ತಿತ್ತು.

"ನೋಡಕ್ಕಾ, ಸರಿಯಾಗೇ ಇದೆ!"

"ನೀನಿದ್ರೆ ಎಲ್ಲಾ ಸರಿಯಾಗೇ ಇರುತ್ತೆ."

ಒಂದು ಮಧ್ಯಾಹ್ನ ಅಪ್ಪ ಒತ್ತಿ ಒತ್ತಿ ಸಾಕಾಗಿ, ತಾವೇ ಎದ್ದು, ಬಾಗಿಲ ಹತ್ತಿರ ಕುಸಿದರು. ಮೂಳೆಗೇನೂ ಆಗಲಿಲ್ಲ. ನನಗೆ ಪಿತ್ತ ನೆತ್ತಿಗೇರಿತು.

"ಇನ್ನೊಂದು ಸಲ ಈ ಬೆಲ್ ಕೈಕೊಟ್ರೆ ನಿಮ್ಮ ಮಂಚ ಅಂಗಡಿಗೆ ಬರುತ್ತೆ, ಹೇಳಿದೀನಿ!"

ಅಪ್ಪನಿಗೆ ಅದು ಜೈಲೇ. ಅಳತೆ ಕೊಡಲು ಹೆಂಗಸರು ಬಂದಾಗಲೆಲ್ಲ ಗೋಡೆಗೆ ಮುಖ ಮಾಡಿ ಮಲಗಬೇಕು. ಮಹಡಿಯಲ್ಲಾದರೆ ಕಿಟಕಿಯಿದೆ. ಬಸ್ ಓಡಿಸಿ ನಿವೃತ್ತರಾದವರು, ತಿರುವಿನಲ್ಲಿ ಬರುವ ಡ್ರೈವರುಗಳನ್ನೆಲ್ಲ ಬೈದುಕೊಂಡು ಸುಖವಾಗಿರುತ್ತಾರೆ.

ತಮ್ಮ ಅಂದೇ, ವಿದ್ಯುತ್ತಿನ ಏರಿಳಿತ ತಡೆಯಲೆಂದು, ಮಾಡ್ಯೂಲಿಗೆ ಒಂದು ಕೆಪಾಸಿಟರ್ ಬೆಸೆದ. ಆಮೇಲೆ ಬೆಲ್ ಒಮ್ಮೆಯೂ ತಪ್ಪಲಿಲ್ಲ. ಅವನನ್ನು ಹಿಡಿಯುವವರೇ ಇಲ್ಲ! ನನಗೂ ಹೆಮ್ಮೆಯೇ, ಅವನಿಗೆ ಹೇಳಲಿಲ್ಲ ಅಷ್ಟೆ.

ಆದರೆ ಅಪ್ಪ ಪೇಪರ್ ಬಿಡಿಸುವುದನ್ನೇ ನಿಲ್ಲಿಸಿದ್ದರು. ಕನ್ನಡಕವನ್ನೂ ಒರೆಸಿಕೊಳ್ಳುತ್ತಿರಲಿಲ್ಲ. ಭಾನುವಾರ ನಾನೂ ತಮ್ಮನೂ ಹಾಸಿಗೆ ಬದಲಿಸಲು ಹೋದಾಗ ಅವರ ಎಡಗೈ ಹೊದಿಕೆಯಿಂದ ಈಚೆಗೇ ಬರಲಿಲ್ಲ. ಹೊದಿಕೆ ಸರಿಸಿದೆ. ಮುಷ್ಟಿಯಲ್ಲಿ ಮುಚ್ಚಳ ತೆಗೆದ ಸೋಪಿನ ಡಬ್ಬಿ, ಮಾಡ್ಯೂಲಿನ ಆಂಟೆನಾ ತುದಿಗೆ ಒತ್ತಿಹಿಡಿದ ಹೆಬ್ಬೆರಳು.

"ಇದೇನಪ್ಪಾ?"

"ಇವನು ಪರೀಕ್ಷೆ ಮಾಡೋವಾಗ ನೋಡ್ಕೊಂಡಿದ್ದೆ. ಬೆರಳು ಇಲ್ಲಿದ್ರೆ ಕೂಗುತ್ತೆ, ತೆಗೆದ್ರೆ ಇಲ್ಲ."

"ಒತ್ತೋವಾಗ ಮಾತ್ರ ಇಟ್ರೆ ಸಾಕಲ್ವಾ?"

"ಒಮ್ಮೆ ಬಿಟ್ರೆ ಮತ್ತೆ ಸರಿಯಾದ ಜಾಗ ಸಿಗೋಕೆ ಎಷ್ಟೋ ಹೊತ್ತು ಬೇಕು ಕಣೇ. ಅಷ್ಟರಲ್ಲಿ ಬೆಲ್ ಕೈಕೊಟ್ರೆ?"

ತಮ್ಮ ಬಗ್ಗಿ ಡಬ್ಬಿಯೊಳಗೆ ನೋಡಿದ. "ಹಾಗಾದ್ರೆ ಕೆಲಸ ಮಾಡಿದ್ದು ಕೆಪಾಸಿಟರ್ ಅಲ್ಲ, ನಿಮ್ಮ ಬೆರಳು. ನಂಗೆ ಹೇಳಬಾರದಾ?"

"ನೀನು ಅಷ್ಟು ಖುಷಿಯಾಗಿದ್ದೆ. ಇವಳು ನೋಡಿದ್ರೆ ಮಂಚ ಇಳಿಸ್ತೀನಿ ಅಂತಾಳೆ."

ನನಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು. ಇಂಥ ಅಪ್ಪನನ್ನು ಕಟ್ಟಿಕೊಂಡು ಏನು ಮಾಡುವುದು! "ಮಂಚ ಎಲ್ಲಿಗೂ ಹೋಗಲ್ಲ. ಬೆಲ್ ಹಾಳಾಗಿ ಹೋಗ್ಲಿ, ಗಳಿಗೆಗೊಂದು ಸಲ ನಾನೇ ಹತ್ತಿ ಬರ್ತೀನಿ. ಮೊದಲು ಅದನ್ನ ಬಿಡಿ."

ಬಿಡಲು ಅವರಿಂದ ಆಗಲಿಲ್ಲ. ಬೆರಳುಗಳು ಮರಗಟ್ಟಿದ್ದವು. ತಮ್ಮ ನೆಲಕ್ಕೆ ಕೂತು ಒಂದೊಂದೇ ಬೆರಳನ್ನು ತಿಕ್ಕಿ ಬಿಡಿಸತೊಡಗಿದ.

"ಮೆಲ್ಲಗೆ ಕಣೋ," ಎಂದರು ಅಪ್ಪ, "ಡಬ್ಬಿ ಬಿದ್ದುಬಿಟ್ಟೀತು."