ಎರಡಲ್ಲ, ಅರ್ಧ
ತಡವಳದ ಅಮೋಗಸಿದ್ಧನ ಗಣಿತವೆಂದರೆ ಕುರಿ ಎಣಿಸುವಷ್ಟು. ಆದರೂ ಸೊಲ್ಲಾಪುರದ ಇಂಜಿನಿಯರಿಂಗ್ ಕಾಲೇಜಿನಲ್ಲಿ ಗಣಿತ ಕಲಿಸುವ ಮಗಳು ಪ್ರಣಿತಾಳ ಎದೆಯಲ್ಲಿ ಆ ಭಾನುವಾರ ಸಂಜೆ ಅವಲಕ್ಕಿ ಕುಟ್ಟುವಂತೆ ಮಾಡಿದವನು ಅವನೇ.

ಚೌಕಾಕಾರದ ಕುರಿದೊಡ್ಡಿಯೊಳಗೆ ಅವನು ಒಂದು ಬದಿಯ ನಡುವಿನಿಂದ ಪಕ್ಕದ ಬದಿಯ ನಡುವಿಗೆ ಬಲೆ ಬಿಗಿಯುತ್ತಿದ್ದ. ನಾಲ್ಕೂ ಕಡೆ ಬಿಗಿದ ಮೇಲೆ ಒಳಗೊಂದು ಓರೆ ಚೌಕ ಎದ್ದಿತು.

“ನಡುವ ಕುರಿ, ಮೂಲ್ಯಾಗ ಮರಿ,” ಎಂದ. “ಅರ್ಧಾ ಜಾಗಾ ಇವಕ್ಕ, ಅರ್ಧಾ ಅವಕ್ಕ.”

ಅರ್ಧ! ಪ್ರಣಿತಾ ಚಹಾ ಕೆಳಗಿಟ್ಟಳು. ಪರೀಕ್ಷೆಗೆ ಅವಳು ಕೊಟ್ಟದ್ದು ಇದೇ ಓರೆ ಚೌಕ. ಅದರ ಮೇಲೆ ಲೆಕ್ಕ ಮಾಡುವುದು ತ್ರಾಸು. ಎಕ್ಸ್-ವೈ ಅಕ್ಷಗಳನ್ನು ಬಿಟ್ಟು ಯು-ವಿ ಹಿಡಿದರೆ ಚೌಕ ನೆಟ್ಟಗೆ ಕೂರುತ್ತದೆ. ಆದರೆ ಈ ಉಪಕಾರ ಪುಕ್ಕಟೆಯಲ್ಲ. ನೆಟ್ಟಗಾಗುವಾಗ ಚೌಕ ಹೊರಗಿನ ದೊಡ್ಡಿಯಷ್ಟಾಗಿ ಎರಡು ಪಟ್ಟು ಹಿಗ್ಗಿರುತ್ತದೆ, ಅದಕ್ಕೆ ತಕ್ಕಂತೆ ಲೆಕ್ಕವನ್ನು ಕುಗ್ಗಿಸಬೇಕು. ಎಷ್ಟು ಕುಗ್ಗಿಸಬೇಕೆಂದು ಹೇಳುವುದೇ ಜಾಕೋಬಿಯನ್. ಇಲ್ಲಿ ಅದು ಅರ್ಧ. ಪ್ರಣಿತಾ ಮಾದರಿ ಉತ್ತರದಲ್ಲಿ ಅದನ್ನು ತಲೆಕೆಳಗು ಮಾಡಿ ಎರಡರಿಂದ ಗುಣಿಸಿದ್ದಳು.

ಅರ್ಧದಿಂದ ಗುಣಿಸಿದವಳು ಒಬ್ಬಳಿದ್ದಳು, ಮಂದ್ರೂಪದ ರೂಪಾಲಿ. ಏಳು ಅಂಕದ ಆ ಉತ್ತರಕ್ಕೆ ಪ್ರಣಿತಾ ಕೆಂಪು ಶಾಯಿಯಲ್ಲಿ ಸೊನ್ನೆ ಹಾಕಿದ್ದಳು. ರೂಪಾಲಿ ನಾಲ್ಕೇ ಅಂಕದಿಂದ ನಪಾಸಾಗಿದ್ದಳು. ಸೋಮವಾರ ಮಧ್ಯಾಹ್ನ ಫಲಿತಾಂಶ ಹೊರಬಿದ್ದರೆ ಹುಡುಗಿಯ ಒಂದು ವರ್ಷ ಹೋದಂತೆಯೇ. ಅದೇ ಸೋಮವಾರ ವಿಭಾಗದ ಮುಖ್ಯಸ್ಥ ಸಾತಲಿಂಗಪ್ಪ ಸರ್, ಪ್ರಣಿತಾಳ ಹಂಗಾಮಿ ನೌಕರಿಯನ್ನು ಮುಂದುವರಿಸುವ ಕಾಗದಕ್ಕೆ ಸಹಿ ಹಾಕುವವರಿದ್ದರು.

ಮರುದಿನ ಮೊದಲ ಬಸ್ಸಿಗೇ ಹೊರಟಳು. ‘ಬೀರೋಬಾ, ರಿಸಲ್ಟ್ ಒಂದ ದಿನಾ ಮುಂದ ಹಾಕಪ್ಪಾ’ ಎಂದು ಬೇಡಿಕೊಂಡಳು. ಕುರಿಗಾರರ ದೇವರು ಬೀರೋಬಾನಿಗೆ ಕುರಿಯ ರೋಗ ಗೊತ್ತು, ಕಾಲೇಜಿನ ವೇಳಾಪಟ್ಟಿ ಗೊತ್ತಿಲ್ಲ. ಅಕ್ಕಲಕೋಟೆಯಲ್ಲಿ ಬಸ್ಸು ಬದಲಿಸುವಾಗ, ಸುಮ್ಮನಿದ್ದರೆ ಯಾರಿಗೆ ತಿಳಿಯುತ್ತದೆ ಎಂದೂ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ತನ್ನ ಮೇಲೆಯೇ ಹೇಸಿಗೆಯಾಯಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ. ಆದರೆ ನೌಕರಿ ಅಡಿಕೆಯಷ್ಟು ಸಣ್ಣದೂ ಅಲ್ಲವಲ್ಲ! ಸೊಲ್ಲಾಪುರದಲ್ಲಿ ಇಳಿದವಳೇ ನೇರ ಮುಖ್ಯಸ್ಥರ ಕೋಣೆಗೆ ಹೋದಳು.

ಸಾತಲಿಂಗಪ್ಪ ಸರ್ ಎಲ್ಲ ಕೇಳಿ, ಅರವತ್ತೆರಡು ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿದರು. ಒಂದೊಂದಾಗಿ ಹಾಳೆ ತಿರುವಿದರು. ಎರಡು. ಎರಡು. ಮತ್ತೆ ಎರಡು. ರೂಪಾಲಿಯದೊಂದು ಬಿಟ್ಟರೆ ಅರವತ್ತೊಂದರಲ್ಲೂ ಎರಡೇ.

“ಇವರಿಗೆಲ್ಲಾ ಇದನ್ನ ಕಲಿಸಿದವ್ರು ಯಾರು?”

ಮಕ್ಕಳೆಲ್ಲ ಎರಡೇ ಬರೆದದ್ದು ಏಕೆಂದು ಯೋಚಿಸದೆ, ಅವಸರದಲ್ಲಿ ಬರೆದ ಮಾದರಿ ಉತ್ತರದಲ್ಲಷ್ಟೇ ತಪ್ಪಾಗಿದೆ ಎಂದು ಪ್ರಣಿತಾ ಅಂದುಕೊಂಡಿದ್ದಳು. ಇಲ್ಲ, ಕರಿಹಲಗೆಯ ಮೇಲೂ ಹಾಗೆಯೇ ಬರೆದಿದ್ದಳು. ಮಕ್ಕಳು ನಂಬಿ ಬರೆದುಕೊಂಡಿದ್ದರು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

“ನಾನೇ ರಿ.”

“ಬರೋಬರ್ ತಪಾಸಿದ್ರ ಅರವತ್ತೊಂದು ಮಂದಿ ಅಂಕ ಹೋಗ್ತಾವ. ಸುಮ್ಮ ಬಿಟ್ರ ಒಂದ ಹುಡುಗಿ ಬೀಳ್ತಾಳ,” ಎಂದರು ಸರ್. ಗೋಡೆಯ ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು. “ಏನ್ ಮಾಡೂಣು?”

“ಎಲ್ಲಾರಿಗೂ ಏಳೇಳು ಕೊಡ್ರಿ ಸರ್. ಚೂಕ್ ನಂದು ಅಂತ ಬರದ ಕೊಡ್ತೀನಿ.”

“ಬರದ ಕೊಟ್ರ ಅದು ಮ್ಯಾಲಿನವರ ಕಡಿ ಹೋಗ್ತದ. ನಿನ್ನ ನೌಕರಿದು ಆಮ್ಯಾಲ ನನ್ನ ಕೈಯಾಗ ಇರೂದಿಲ್ಲ, ನೋಡು.”

ಅವಳು ಬರೆದಳು. ಸರ್ ಅದನ್ನು ಅವಳ ನೌಕರಿಯ ಕಾಗದದ ಮೇಲಿಟ್ಟು, ಸಹಿ ಹಾಕದೆ ಎರಡನ್ನೂ ಸೇರಿಸಿ ಪಿನ್ ಚುಚ್ಚಿದರು. ತಿದ್ದಿದ ಅಂಕ ನೋಡಿ ಸಹಿ ಮಾಡಲು ರೂಪಾಲಿಯನ್ನು ಕರೆಸಿದರು.

ತಾನು ಕಲಿಸಿದ್ದನ್ನು ಅನುಮಾನಿಸುವಷ್ಟು ಬುದ್ಧಿ ಒಬ್ಬಳಿಗಾದರೂ ಇತ್ತಲ್ಲ ಎಂದು ಪ್ರಣಿತಾಳಿಗೆ ಒಂದಿಷ್ಟು ಸಮಾಧಾನ. ಬಾಗಿಲಲ್ಲೇ ಹೆದರಿ ನಿಂತ ಹುಡುಗಿಯನ್ನು ಕೇಳಿದಳು:

“ನಾ ಎರಡು ಅಂತ ಕಲಿಸಿದ್ನಿ. ನಿನಗ ಅರ್ಧಾ ಅಂತ ಹೆಂಗ ತಿಳೀತು?”

ರೂಪಾಲಿ ತಲೆ ತಗ್ಗಿಸಿದಳು.

“ಮಾಫ್ ಮಾಡ್ರಿ ಮೇಡಂ, ಪುಸ್ತಕದಾಗ ಓದಿ ಕಲ್ತಿದ್ನಿರಿ. ಆ ದಿನಾ ಬಸ್ ತಪ್ಪಿ ನಾ ಕ್ಲಾಸಿಗೇ ಬಂದಿದ್ದಿಲ್ಲರಿ.”