ವಾಸನೆಗೆ ಕಾಲಂ ಇಲ್ಲ

ಕೋಣೆಯ ಬಾಗಿಲು ತೆರೆದದ್ದೇ ತಡ, ನಾತ ಮುಖಕ್ಕೆ ಬಡಿಯಿತು. ಮನೆಗೆ ಬೆಲೆ ಕಟ್ಟಲು ಬಂದಿದ್ದ ವ್ಯಾಲ್ಯೂಯರ್ ಅಳತೆಯ ಯಂತ್ರ ಹಿಡಿದ ಕೈಯನ್ನು ಮೂಗಿನ ಹತ್ತಿರ ಒಯ್ದು ಹೊಸ್ತಿಲಲ್ಲೇ ನಿಂತ. ಅವನ ಹಿಂದಿದ್ದ ಅಕ್ಕನಿಗೆ ಮೊದಲು ಅರ್ಥವೇ ಆಗಲಿಲ್ಲ. ನಿನ್ನೆ ಸಂಜೆ ಕನ್ನಡಕದ ಅಂಗಡಿಯಿಂದ ಬಂದವಳೇ ಇದೇ ಕೋಣೆಯ ನೆಲವನ್ನು ಮಂಡಿಯೂರಿ ಉಜ್ಜಿದ್ದಳು. ಕಿಟಕಿಯ ಸರಳುಗಳನ್ನೂ ಬಿಡದೆ ಒರೆಸಿದ್ದಳು. ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಇಲ್ಲಿ ಫಿನಾಯಿಲ್ ಬಿಟ್ಟರೆ ಬೇರೆ ವಾಸನೆ ಇರಲಿಲ್ಲ.

ಈಗ ಅಪ್ಪನ ಕಬ್ಬಿಣದ ಮಂಚದ ಮೇಲೆ ಅಪ್ಪನ ಹಾಸಿಗೆ ಬಿದ್ದಿತ್ತು. ಅಪ್ಪ ಹೋದ ಮೇಲೆ ಅವಳೇ ಅದನ್ನು ಹಿತ್ತಲಿನ ಶೆಡ್ಡಿಗೆ ಹಾಕಿದ್ದಳು. ಕಸದ ಗಾಡಿಯವರು ಇಂಥದ್ದನ್ನೆಲ್ಲ ಮುಟ್ಟುವುದಿಲ್ಲ ಎಂದು ಮುಖ ತಿರುಗಿಸಿದ್ದರಿಂದ ಅಲ್ಲೇ ಒಣಗಿ ಹಲಗೆಯಂತಾಗಿತ್ತು. ಅದು ಈಗ ನೀರು ಕುಡಿದು ಉಬ್ಬಿಕೊಂಡು, ಮಂಚದ ಅಂಚಿನಿಂದ ಹಳದಿ ನೀರು ತೊಟ್ಟಿಕ್ಕುತ್ತಿತ್ತು. ಪಕ್ಕದಲ್ಲಿ ಬಚ್ಚಲಿನ ಬಕೆಟ್ಟು.

"ನೋಡಿ ಸಾರ್, ನಾನು ಹೇಳಿರ್ಲಿಲ್ವಾ?" ಕರ್ಚೀಫು ಮೂಗಿಗೊತ್ತಿಕೊಂಡು ಅವಳ ತಮ್ಮ ಮುಂದೆ ಬಂದ. ಮೈಮೇಲೆ ಇಸ್ತ್ರಿ ಮುರಿಯದ ಬಿಳಿ ಷರ್ಟು. ಪ್ಯಾಂಟಿನ ಅಂಚು ಮಾತ್ರ ಒದ್ದೆ. "ನಮ್ ತಂದೆ ಕೊನೆಕೊನೆಗೆ ಎಲ್ಲ ಇಲ್ಲೇ ಮಾಡ್ಕೊಳ್ಳೋರು. ಗೋಡೆಗೆಲ್ಲ ಇಳಿದುಬಿಟ್ಟಿದೆ ಸಾರ್, ಎಷ್ಟು ತೊಳೆದ್ರೂ ಹೋಗಲ್ಲ. ಇಂಥ ಮನೇನ ಯಾರು ತಗೋತಾರೆ, ನೀವೇ ಹೇಳಿ. ಏನೋ, ಅಪ್ಪನ ಮನೆ ಅಂತ ನಾನೇ ಇಟ್ಕೊಳ್ಳೋಣ ಅಂತಿದೀನಿ."

ಅಕ್ಕ ಒಂದು ಹೆಜ್ಜೆ ಹಿಂದೆ ಸರಿದಳು. ಹಾಸಿಗೆಯ ನಾತಕ್ಕಲ್ಲ, ಅದರ ಜೊತೆ ಅವಳು ಎರಡು ವರ್ಷ ಬದುಕಿದ್ದಳು. ಈ ಮಾತಿಗೆ.

ಅಪ್ಪ ಮನೆಯನ್ನು ಇಬ್ಬರ ಹೆಸರಿಗೂ ಸಮನಾಗಿ ಬರೆದಿಟ್ಟಿದ್ದ. ವ್ಯಾಲ್ಯೂಯರ್ ಎಷ್ಟು ಹೇಳುತ್ತಾನೋ ಅದರಲ್ಲಿ ಅರ್ಧ ಅಕ್ಕನಿಗೆ ಕೊಟ್ಟು ಮನೆಯನ್ನು ತಾನು ತೆಗೆದುಕೊಳ್ಳುವುದೆಂದು ತಮ್ಮನೇ ಮಾತು ಎತ್ತಿದ್ದ. ಮುಂದಿನ ಎರಡು ಕೋಣೆ ಒಡೆದು ಟೈಲ್ಸ್ ಶೋರೂಮ್ ಮಾಡುವ ಆಲೋಚನೆ ಅವನದು. ಬೋರ್ಡಿನ ಬಣ್ಣ ಕೂಡ ಆರಿಸಿಯಾಗಿತ್ತು. ಅಕ್ಕನೂ ಒಪ್ಪಿದ್ದಳು. ಕನ್ನಡಕದ ಅಂಗಡಿಯ ಮೇಲಿನ ಎರಡು ಕೋಣೆಯ ಮನೆ ಮಾರಾಟಕ್ಕಿತ್ತು, ಅರ್ಧ ಪಾಲು ಸರಿಯಾಗಿ ಬಂದರೆ ಅದು ಅವಳದಾಗುತ್ತಿತ್ತು. ಬರದಿದ್ದರೆ ತಮ್ಮ ಆಗಲೇ ದೊಡ್ಡ ಮನಸ್ಸು ಮಾಡಿ ಹೇಳಿಯೂ ಇದ್ದ: "ಶೋರೂಮಿನ ಹಿಂದೆ ಒಂದು ರೂಮು ಇರುತ್ತಲ್ಲಕ್ಕ, ನೀನು ಅಲ್ಲಿರು. ಕಾವಲಿಗೂ ಆಯ್ತು." ಅಕ್ಕ ಎಂಬ ಕಾವಲು! ಸಂಬಳವೂ ಇಲ್ಲ, ರಜೆಯೂ ಇಲ್ಲ.

ಟೈಲ್ಸ್ ವ್ಯಾಪಾರದಲ್ಲಿ ಅವನ ತಲೆ ಪಳಗಿತ್ತು. ಮೂಲೆ ಮುಕ್ಕಾದ ಟೈಲ್ಸನ್ನು ಗಿರಾಕಿ ಅರ್ಧ ಬೆಲೆಗೆ ಕೇಳುತ್ತಾನೆ, ಕಲೆಯಿದ್ದರೆ ಇನ್ನೂ ಕಮ್ಮಿಗೆ. ಮನೆಯೂ ಅಷ್ಟೇ ಅಂದುಕೊಂಡಿದ್ದ ಪುಣ್ಯಾತ್ಮ. ಮುಕ್ಕಾಗಿಸಲು ಕೈಗೆ ಸಿಕ್ಕಿದ್ದು ಅಪ್ಪ.

ವ್ಯಾಲ್ಯೂಯರ್ ಒಳಗೆ ಬಂದ. ಯಂತ್ರವನ್ನು ಒಂದು ಗೋಡೆಗೆ ಆನಿಸಿ ಎದುರು ಗೋಡೆಗೆ ಕೆಂಪು ಚುಕ್ಕಿ ಬಿಟ್ಟ. ಬೆರಳ ಗೆಣ್ಣಿನಿಂದ ಗೋಡೆ ತಟ್ಟಿ ಕಿವಿಗೊಟ್ಟ. ಸೂರಿನ ಮೂಲೆ ನೋಡಿದ. ಹಾಸಿಗೆಯನ್ನು ಬಳಸಿಕೊಂಡು ಹೋಗಿ ಕಿಟಕಿಯಿಂದ ರಸ್ತೆಯ ಅಗಲ ನೋಡಿದ.

"ಸಾರ್, ವಾಸನೆ ಬರ್ಕೊಂಡ್ರಾ?" ತಮ್ಮನಿಗೆ ತಡೆಯಲಾಗಲಿಲ್ಲ.

"ವಾಸನೆಗೆ ನಮ್ಮಲ್ಲಿ ಕಾಲಂ ಇಲ್ರೀ," ಎಂದ ವ್ಯಾಲ್ಯೂಯರ್. "ಜಾಗ ಎಷ್ಟಿದೆ, ಕಟ್ಟಡಕ್ಕೆ ಎಷ್ಟು ವಯಸ್ಸು, ಗಟ್ಟಿ ಇದೆಯಾ, ಅಕ್ಕಪಕ್ಕ ಇಂಥದ್ದೇ ಮನೆ ಈಚೆಗೆ ಎಷ್ಟಕ್ಕೆ ಹೋಯ್ತು, ಇಷ್ಟೇ ನಾವು ನೋಡೋದು. ಹಾಸಿಗೆ ನಿಮ್ಮ ಸಾಮಾನು. ಹೋಗುವಾಗ ತಗೊಂಡು ಹೋಗ್ತೀರ, ಅಲ್ವಾ? ಗೋಡೆ ಒಣಗಿ ಖಣಖಣ ಅಂತಿದೆ. ಚೆನ್ನಾಗಿ ಇಟ್ಕೊಂಡಿದಾರೆ."

ತಮ್ಮನ ಕರ್ಚೀಫು ಮೂಗಿನಿಂದ ಕೆಳಗಿಳಿಯಿತು.

ಅಕ್ಕ ಅಷ್ಟು ಹೊತ್ತಿಗೆ ಮೊದಲ ಸಲ ಬಾಯಿ ಬಿಟ್ಟಳು. "ಹೊರಗಿನವರಿಗೆ ಮಾರಿದ್ರೂ ನೀವು ಹೇಳೋ ಬೆಲೆ ಬರುತ್ತಾ?"

"ಅದರ ಆಸುಪಾಸು ಬರುತ್ತೆ ಮೇಡಂ. ಇಬ್ಬರು ಮೂವರು ಪೈಪೋಟಿಗೆ ಬಿದ್ರೆ ಒಂದಿಷ್ಟು ಜಾಸ್ತೀನೂ ಬರಬಹುದು. ಮೂಲೆ ಮನೆ ನೋಡಿ." ಅವನು ಕಾಂಪೌಂಡು ಅಳೆಯಲು ಹೊರಗೆ ಹೋದ.

ಇಬ್ಬರೇ ಉಳಿದಾಗ ಹನಿ ಬೀಳುವ ಸದ್ದು ಕೇಳಿಸಿತು. ಅಪ್ಪನಿಗೆ ಸಾಯುವ ಭಯ ಇರಲಿಲ್ಲ. ಇದ್ದದ್ದು ಇದೊಂದೇ ಭಯ. ಯಾರಾದರೂ ನೋಡಲು ಬಂದರೆಂದರೆ ಬಾಚಣಿಗೆ ಕೇಳುತ್ತಿದ್ದ, ಆಮೇಲೆ ಅವಳ ಕೈ ಹಿಡಿದು ಪಿಸುಗುಡುತ್ತಿದ್ದ: "ವಾಸನೆ ಬರ್ತಿದೆಯೇನೇ?" "ಇಲ್ಲಪ್ಪ, ಸೋಪಿನ ವಾಸನೆ ಅಷ್ಟೇ," ಎನ್ನುತ್ತಿದ್ದಳು. ಅದನ್ನು ನಿಜ ಮಾಡುವುದಕ್ಕೇ ದಿನಕ್ಕೆ ಎಷ್ಟು ಸಲವಾದರೂ ಬಟ್ಟೆ ಬದಲಿಸುತ್ತಿದ್ದಳು. ಆ ದಿನಗಳಲ್ಲಿ ತಮ್ಮ ಬಂದರೆ ಬಾಗಿಲಲ್ಲೇ ನಿಂತು, ಅಂಗಡಿಯಲ್ಲಿ ಲೋಡು ಇಳಿಯುತ್ತಿದೆ ಎಂದು ವಾಚು ನೋಡಿಕೊಳ್ಳುತ್ತಿದ್ದ. ಎಂಥ ಹೇಸಿಗೆಯವನು ಇವನು ಎಂದು ಅವಳಿಗೆ ಈಗ ಸ್ಪಷ್ಟವಾಗಿ, ತಣ್ಣಗೆ ಅನ್ನಿಸಿತು.

"ನಿನಗೆ ಮಾರಲ್ಲ ಕಣೋ," ಎಂದಳು. "ಹೊರಗಿನವರಿಗೆ ಕೊಡೋಣ. ಅರ್ಧ ನಿನಗೂ ಬರುತ್ತಲ್ಲ."

"ಅಕ್ಕ, ಹಾಗಂದ್ರೆ ಹೆಂಗೆ? ಬೋರ್ಡಿಗೆ ಹೇಳಿಬಿಟ್ಟಿದೀನಿ! ಏನೋ ವ್ಯಾಪಾರದ ಬುದ್ಧಿ, ಆಗೋಯ್ತು. ಇದನ್ನೇ ದೊಡ್ಡದು ಮಾಡ್ತೀಯಾ?"

"ಮೊದ್ಲು ಇದನ್ನ ಎತ್ತು."

ಅವನಿಗೆ ಆಸೆ ಚಿಗುರಿತು. ಎತ್ತಿದರೆ ಅಕ್ಕ ತಣ್ಣಗಾಗಬಹುದು. ಹಾಸಿಗೆಯ ಮೂಲೆಯನ್ನು ಎರಡು ಬೆರಳಿನಲ್ಲಿ ಹಿಡಿದು ಎಳೆದ. ಅದು ಜಗ್ಗಲಿಲ್ಲ.

"ಹಂಗೆ ಬರಲ್ಲ. ಬೆಳಿಗ್ಗೆ ತಂದಾಗ ಒಣಗಿತ್ತು, ಈಗ ನೀರು ಕುಡಿದಿದೆ. ಎರಡೂ ಕೈ ಹಾಕಿ ಎದೆಗೆ ಆನಿಸ್ಕೋ."

"ನೀನೊಂದು ಕಡೆ ಹಿಡ್ಕೊ."

"ನಾನು ಹಿಡಿದಾಯ್ತು," ಎಂದಳು ಅಕ್ಕ.

ಅವನು ಮುಖ ತಿರುಗಿಸಿ, ಕಣ್ಣು ಮುಚ್ಚಿ ಅದನ್ನು ತಬ್ಬಿಕೊಂಡ. ಅಡುಗೆಮನೆ ದಾಟಿ ಹಿತ್ತಲಿನವರೆಗೂ ನೆಲದ ಮೇಲೆ ಹನಿಗಳ ಸಾಲು ಬಿತ್ತು. ಕಾಂಪೌಂಡಿನ ಹತ್ತಿರವಿದ್ದ ವ್ಯಾಲ್ಯೂಯರ್ ಯಂತ್ರ ಕೆಳಗಿಳಿಸಿ ಅವನಿಗೆ ದಾರಿ ಬಿಟ್ಟ.

ಅವನು ವಾಪಸು ಬಂದಾಗ ಅಕ್ಕ ಫಿನಾಯಿಲ್ ಬಾಟಲಿ ಹಿಡಿದು ಮಂಚದ ಪಕ್ಕ ನಿಂತಿದ್ದಳು. ಬಿಳಿ ಷರ್ಟಿನ ಎದೆಯ ಮೇಲೆ ಅಗಲವಾದ ಹಳದಿ ಕಲೆ ಹರಡಿತ್ತು. ತನ್ನವೇ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮೈಯಿಂದ ದೂರ ಹಿಡಿದು ನಿಂತ. ಅಂಗಡಿಗೆ ಹೋಗಬೇಕಿತ್ತು, ಗಿರಾಕಿಗಳು ಕಾಯುತ್ತಿದ್ದರು. ತಲೆ ಬಗ್ಗಿಸಿ ಷರ್ಟು ಮೂಸಿಕೊಂಡು, ಹೊರಗಿರುವ ವ್ಯಾಲ್ಯೂಯರಿಗೆ ಕೇಳಿಸದ ಹಾಗೆ ಪಿಸುಗುಟ್ಟಿದ:

"ಅಕ್ಕ, ವಾಸನೆ ಬರ್ತಿದೆಯಾ?"

"ಬರ್ತಿದೆ," ಎಂದಳು ಅಕ್ಕ. ಬಗ್ಗಿ ನೆಲಕ್ಕೆ ಫಿನಾಯಿಲ್ ಸುರಿದಳು.