ಕೈಗೆ ಕತ್ತರಿ ಕೊಡುವ ಮುನ್ನ

ಗಿಡ ನೆಡಿಸುವುದಕ್ಕೂ ಓದಿ ಪಾಸಾಗಬೇಕೇ? ಹಾಗಿದ್ದರೆ ತಾನು ಇಷ್ಟು ದಿನ ಮಾಡಿದ್ದೇನು? ಪುನಶ್ಚೇತನ ಕೇಂದ್ರದ ಹಿತ್ತಲಿನಲ್ಲಿ ತನ್ನ ಕುಂಡಗಳ ಮುಂದೆ ಕೂತು ನಕ್ಕವರೆಲ್ಲ ಸುಮ್ಮನೆ ನಕ್ಕರೇ? ಅಥವಾ ಮಗಳು ಹೇಳುತ್ತಿರುವುದರಲ್ಲಿ ತನಗೆ ತಿಳಿಯದ್ದೇನಾದರೂ ಇದೆಯೇ?

ನರ್ಸರಿಯವನು ತಳ್ಳುಗಾಡಿಗೆ ಕುಂಡಗಳನ್ನು ಏರಿಸುತ್ತಾ ಇದನ್ನೇ ಯೋಚಿಸುತ್ತಿದ್ದ. ಸಸ್ಯಶಾಸ್ತ್ರದಲ್ಲಿ ಪದವಿ ಮುಗಿಸಿದ ಮಗಳು ಈಗ ತೋಟಗಾರಿಕೆ ಚಿಕಿತ್ಸೆ ಕಲಿಯುತ್ತೇನೆ ಎಂದು ಪಟ್ಟು ಹಿಡಿದಿದ್ದಳು. ಪಾರ್ಶ್ವವಾಯು ಬಡಿದವರು, ಮನಸ್ಸು ಕುಗ್ಗಿದವರು, ಮರೆವಿನ ಕಾಯಿಲೆಯವರು ಗಿಡಗಳ ನಡುವೆ ಕೆಲಸ ಮಾಡುತ್ತಾ ಚೇತರಿಸಿಕೊಳ್ಳಲು ನೆರವಾಗುವ ವಿದ್ಯೆ ಅದು. ವಾರಕ್ಕೊಮ್ಮೆ ಕೇಂದ್ರಕ್ಕೆ ಹೋಗಿ ತಾನು ಮಾಡುತ್ತಿರುವುದೂ ಅದೇ ಎಂದು ಅಪ್ಪ ನಂಬಿದ್ದ.

"ಮಣ್ಣು ಕೆದಕೋಕೆ ಇಷ್ಟೆಲ್ಲ ಓದು ಯಾಕೆ ತಾಯಿ? ಕೋಳಿ ಯಾವ ಕಾಲೇಜಿಗೆ ಹೋಗಿತ್ತು?"

"ಕೋಳಿ ತನಗೋಸ್ಕರ ಕೆದಕತ್ತಪ್ಪ. ಕಾಯಿಲೆಯವರ ಕೈಲಿ ಕೆದಕಿಸಲ್ಲ."

ಬಾಗಿಲಲ್ಲಿ ನಿಂತಿದ್ದ ಹೆಂಡತಿ ನಕ್ಕಳು. "ತೆಗೊಳ್ಳಿ, ಬೇಕಿತ್ತಾ? ಆದ್ರೂ ಮಗಳೇ, ಇದನ್ನ ಓದ್ತಾಳೆ ಅಂದ್ರೆ ಜನ ಆಡ್ಕೋತಾರೆ ಕಣೇ."

"ಇವತ್ತು ನನ್ನ ಜೊತೆ ಬಾ," ಎಂದ ಅಪ್ಪ. "ಕಣ್ಣಾರೆ ನೋಡು. ಆಮೇಲೆ ಕಾಲೇಜಿನ ಮಾತು."

ಕೇಂದ್ರದ ಹಿತ್ತಲಿನಲ್ಲಿ ಅವರಿಗಾಗಿ ಮೊದಲು ಬಂದು ಕೂತಿದ್ದವರು ಕತ್ತರಿ ಮಾವ. ಬದುಕಿಡೀ ಕ್ಷೌರದ ಅಂಗಡಿ ನಡೆಸಿದವರು. ಪಾರ್ಶ್ವವಾಯು ಎಡಗೈಯನ್ನು ಮಲಗಿಸಿತ್ತು. ಈಚೆಗೆ ಆ ಕೈಯ ಬೆರಳುಗಳು ಮತ್ತೆ ಮಡಚುತ್ತಿದ್ದವು. ಅಂಗಡಿ ತೆರೆಯಬೇಕು ಎನ್ನುವುದೊಂದೇ ಅವರ ಆಸೆ.

ಅಪ್ಪನಿಗೆ ಆ ಆಸೆ ಗೊತ್ತಿತ್ತು. ಅದಕ್ಕೇ ಅಂದು ಅವರಿಗೆಂದು ಬಿಳಿ ದಾಸವಾಳದ ಪೊದೆಯೊಂದನ್ನು ತಂದಿದ್ದ. ಜೊತೆಗೆ ಹೊಸದಾಗಿ ಸಾಣೆ ಹಿಡಿಸಿದ ಕತ್ತರಿ.

ಕತ್ತರಿ ಕೈಗೆ ಬಂದೊಡನೆ ಮಾವನ ಬೆನ್ನು ನೆಟ್ಟಗಾಯಿತು. "ಏನ್ ಸಾಹೇಬ್ರೇ, ಸೈಡ್ ಮಾತ್ರ ತೆಗೀಲಾ, ಪೂರ್ತಿ ಬೋಳಿಸಲಾ?" ಎಂದು ಗಿಡವನ್ನೇ ಕೇಳಿದರು. ಹಿತ್ತಲೆಲ್ಲ ನಗು. ಕೂದಲು ಹಿಡಿಯುವ ಹಾಗೆಯೇ ಎಡಗೈಯ ಎರಡು ಬೆರಳ ನಡುವೆ ಚಿಗುರು ಹಿಡಿದು, ಬಲಗೈಯಿಂದ ಕತ್ತರಿಸತೊಡಗಿದರು. ಹಳೆಯ ಗಿರಾಕಿಗಳ ಕಥೆ ಶುರುವಾಯಿತು. ಮುಖ ಕೇಳುವವರ ಕಡೆ, ಕೈ ಗಿಡದ ಕಡೆ.

"ನೋಡಿದ್ಯಾ?" ಎಂದ ಅಪ್ಪ ಮೆಲ್ಲಗೆ. "ಯಾವ ಸರ್ಟಿಫಿಕೇಟು ಈ ನಗು ತರುತ್ತೆ?"

ಮಗಳು ಗಿಡವನ್ನೇ ನೋಡುತ್ತಿದ್ದಳು. ಬಿಳಿ ಹೂವಿನ ಮೇಲೆ ಕೆಂಪಗೆ ಏನೋ ಇತ್ತು. ಇನ್ನೊಂದು ಹೂವಿನ ಮೇಲೂ.

"ಅಪ್ಪಾ, ಕತ್ತರಿ ಕಿತ್ಕೋ!"

ಮಾವ ಇನ್ನೂ ಕತ್ತರಿಸುತ್ತಲೇ ಇದ್ದರು. ಎಡಗೈಯ ತೋರುಬೆರಳು ಗೆಣ್ಣಿನ ಹತ್ತಿರ ಆಳವಾಗಿ ಸೀಳಿಹೋಗಿತ್ತು. ರಕ್ತ ಮಣಿಕಟ್ಟಿಗೆ ಇಳಿದು ಅಂಗಿಯ ತೋಳು ಒದ್ದೆಯಾಗಿತ್ತು. ಅವರ ಮುಖದಲ್ಲಿ ನೋವಿನ ಒಂದು ಗೆರೆಯೂ ಇರಲಿಲ್ಲ. ಎಲ್ಲರೂ ಏಕೆ ಎದ್ದರೆಂದು ತಿಳಿಯದೆ ಕೆಳಗೆ ನೋಡಿದರು.

"ಇದು ಯಾರ ರಕ್ತ?" ಎಂದರು.

ಮಗಳು ತನ್ನ ದುಪಟ್ಟಾವನ್ನು ಅವರ ಬೆರಳಿಗೆ ಒತ್ತಿ ಹಿಡಿದಳು. ಅಪ್ಪ ನಿಂತಲ್ಲೇ ನಿಂತಿದ್ದ. ಕತ್ತರಿ ಅವನ ಕೈಗೆ ಯಾವಾಗ ಬಂತೋ ಅವನಿಗೇ ತಿಳಿಯಲಿಲ್ಲ.

ಬೆರಳು ಉಳಿಯಿತು. ಮಾವನಿಗೆ ಹೊಲಿಗೆ ಹಾಕಿಸಿ ಹೊರಬಂದ 'ಕೈ ಟೀಚರ್' ಕೇಂದ್ರದ ಪಡಸಾಲೆಯ ಬೆಂಚಿನ ಮೇಲೆ ಅಪ್ಪ ಮಗಳ ಪಕ್ಕ ಕೂತರು. ರೋಗಿಗಳ ಕೈಗೆ ಮತ್ತೆ ಕೆಲಸ ಕಲಿಸುವ ಚಿಕಿತ್ಸಕಿ ಅವರು. ಆ ಹೆಸರು ರೋಗಿಗಳೇ ಇಟ್ಟದ್ದು.

"ಅವರ ಕೈ ಆಡುತ್ತೆ. ಆದ್ರೆ ಮುಟ್ಟಿದ್ದು, ಚುಚ್ಚಿದ್ದು, ಸುಟ್ಟಿದ್ದು ಯಾವುದೂ ತಲೆಗೆ ತಲುಪಲ್ಲ. ನನ್ನನ್ನ ಒಂದು ಮಾತು ಕೇಳಬಾರದಿತ್ತಾ ಅಣ್ಣಾ?"

"ಹೂಗಿಡ ತಾನೇ ಅಂದ್ಕೊಂಡೆ ಮೇಡಂ." ಎಂದ ಅಪ್ಪ. "ಮೂವತ್ತು ಥರ ರೋಗ ಬಂದ ಗಿಡ ಕೊಟ್ರೂ ಎಲೆ ನೋಡಿ ಹೇಳ್ತೀನಿ. ಮನುಷ್ಯನ ಬೆರಳು ನಂಗೆ ಗೊತ್ತಾಗ್ಲಿಲ್ಲ."

"ನಿಮ್ಮದೊಬ್ಬರದೇ ತಪ್ಪಲ್ಲ. ಹಿತ್ತಲಲ್ಲಿ ಏನು ನಡೀತಿದೆ ಅಂತ ನಾವೂ ಬಂದು ನೋಡಲಿಲ್ಲ. ಎಲ್ಲ ಖುಷಿಯಾಗಿದ್ದಾರಲ್ಲ, ಸಾಕು ಅಂದ್ಕೊಂಡ್ವಿ."

"ಹಾಗಾದ್ರೆ ಮಾವನಿಗೆ ಇನ್ನು ಗಿಡದ ಕೆಲಸ ಇಲ್ವಾ?" ಎಂದಳು ಮಗಳು.

"ಯಾಕಿಲ್ಲ? ಮೊದಲು ಸಡಿಲ ಮಣ್ಣು, ದೊಡ್ಡ ಬೀಜ. ಕಣ್ಣು ಕೈ ಮೇಲೇ ಇರೋ ಹಾಗೆ ಅಭ್ಯಾಸ ಮಾಡಿಸಬೇಕು. ಯಾರಿಗೆ ಯಾವ ಗಿಡ, ಯಾವ ಉಪಕರಣ, ಎಷ್ಟು ಹೊತ್ತು, ಯಾವಾಗ ನಿಲ್ಲಿಸಬೇಕು. ಅದನ್ನ ಕಲಿತವರು ಬೇಕು. ಗಿಡದ ಓದು ಒಂದು ಕಡೆ, ಮೈ ಮನಸ್ಸಿನ ಓದು ಇನ್ನೊಂದು ಕಡೆ, ಎರಡನ್ನೂ ಸೇರಿಸೋ ತರಬೇತಿ. ನುರಿತವರ ಕಣ್ಣೆದುರು ನಿಜವಾದ ರೋಗಿಗಳ ಜೊತೆ ಕೆಲಸ. ಇಷ್ಟಾದ ಮೇಲೆ ವೃತ್ತಿ ಸಂಘದವರು ಪರಿಶೀಲಿಸಿ ನೋಂದಣಿ ಕೊಡ್ತಾರೆ. ಗೋಡೆಗೆ ತೂಗುಹಾಕೋ ಕಾಗದ ಅಲ್ಲ ಅದು."

ಮನೆಗೆ ಬಂದಾಗ ಹೆಂಡತಿಗೆ ಮಗಳ ರಕ್ತ ಮೆತ್ತಿದ ದುಪಟ್ಟಾ ಕಂಡಿತು. ಏನಾಯಿತೆಂದು ಕೇಳಿ ಎದೆ ಹಿಡಿದು ಕೂತಳು. "ನಗ್ತಾ ನಗ್ತಾ ಬೆರಳು ಕತ್ತರಿಸ್ಕೊಂಡ್ರಾ?" ಎಂದು ಮತ್ತೆ ಮತ್ತೆ ಕೇಳಿದಳು. ಆಮೇಲೆ ಮಗಳ ಕಡೆ ತಿರುಗಿದಳು. "ಜನ ಆಡ್ಕೊಂಡ್ರೆ ಆಡ್ಕೊಳ್ಲಿ. ನೀನು ಕಲಿ."

"ನರ್ಸರಿ ನಾವು ನೋಡ್ಕೋತೀವಿ," ಎಂದ ಅಪ್ಪ. "ನೀನು ಕಲಿತು ಬರೋವರೆಗೆ ಕೈ ಟೀಚರ್ ಪಕ್ಕದಲ್ಲಿ ಇಲ್ಲದೆ ನಾನು ಅಲ್ಲಿ ಒಂದು ಕುಂಡಾನೂ ಇಳಿಸಲ್ಲ."

ಓದುಗರೇ, ನಿಮ್ಮ ಊರಿನ ಆಸ್ಪತ್ರೆಯಲ್ಲೋ ವೃದ್ಧಾಶ್ರಮದಲ್ಲೋ ಗಿಡಗಳ ಮೂಲಕ ಚಿಕಿತ್ಸೆ ಎಂದು ಯಾರಾದರೂ ಹೇಳಿದರೆ, ಎಲ್ಲಿ ಕಲಿತಿರಿ, ಯಾರ ಕೈಕೆಳಗೆ ಪಳಗಿದಿರಿ, ನೋಂದಣಿ ಇದೆಯೇ ಎಂದು ಕೇಳಿ. ಕೇಳಲು ಸಂಕೋಚ ಬೇಡ. ಒಳ್ಳೆಯ ಚಿಕಿತ್ಸಕರಿಗೆ ಆ ಪ್ರಶ್ನೆಯಿಂದ ಬೇಸರವಾಗುವುದಿಲ್ಲ. ನಿಮಗೇ ಈ ಕೆಲಸದ ಮೇಲೆ ಮನಸ್ಸಿದ್ದರೆ, ಹಸಿರಿನ ಮೇಲಿನ ಪ್ರೀತಿಯ ಜೊತೆಗೆ ವಿದ್ಯೆಯನ್ನೂ ಸಂಪಾದಿಸಿ. ಎರಡು ದಿನದ ಶಿಬಿರದ ಪ್ರಮಾಣಪತ್ರವನ್ನು ವೃತ್ತಿಯ ಅರ್ಹತೆ ಎಂದು ತಿಳಿಯಬೇಡಿ. ನುರಿತವರ ಮೇಲ್ವಿಚಾರಣೆಯಲ್ಲಿ ರೋಗಿಗಳ ಜೊತೆ ಅಭ್ಯಾಸವಿಲ್ಲದ ಕೋರ್ಸಿಗೆ ಸೇರುವ ಮುನ್ನ ಇನ್ನೊಮ್ಮೆ ಯೋಚಿಸಿ. ನಿಮ್ಮ ಕೈಗೆ ಬರುವವರು ನೋವಾಯಿತು ಎಂದು ಹೇಳಲಾರದವರಾಗಿರಬಹುದು.

ಬೆರಳು ಸೀಳಿದ ದಿನಕ್ಕೆ ಒಂದು ವಾರ ಮೊದಲು ಕತ್ತರಿ ಮಾವನ ಎಡಗೈ ಮೇಲೆ ಬಿಸಿ ಚಹಾ ಚೆಲ್ಲಿತ್ತು. ಅವರು ಕೈ ಹಿಂತೆಗೆಯಲಿಲ್ಲ. ನರ್ಸರಿಯವನು ಅದನ್ನು ನೋಡಿದ್ದ. ಗಟ್ಟಿ ಮನುಷ್ಯ ಎಂದು ಮೆಚ್ಚಿಕೊಂಡಿದ್ದ. ಇದನ್ನು ಅವನು ಕೈ ಟೀಚರಿಗೂ ಹೇಳಲಿಲ್ಲ, ಮಗಳಿಗೂ ಹೇಳಲಿಲ್ಲ.